ಮಗಳ ಮದುವೆ ಒಳಗೆ, ಹೆತ್ತವರು ಹೊರಗೆ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಆರು ಗೋಪುರದ ಒಂದು ಕಲ್ಲಿನ ದೇವಾಲಯ ಇದೆ. 1853ರಲ್ಲಿ ಕೆಲಸ ಶುರುಮಾಡಿ 1893ರಲ್ಲಿ ಮುಗಿಸಿದ್ದು. ನಲವತ್ತು ವರ್ಷದ ಕಟ್ಟಡ. 2019ರ ಕೊನೆಗೆ ದುರಸ್ತಿಗೆ ಅಂತ ಮುಚ್ಚೋ ತನಕ, ಮದುವೆ ಕಾಲದಲ್ಲಿ ಅದರ ಬಾಗಿಲ ಮುಂದೆ ಜನವೋ ಜನ. ಹೂಗುಚ್ಛ ಹಿಡಿದ ಅತ್ತೆಯರು, ಟೈ ಕಟ್ಟಿಕೊಂಡು ಬೆವರುವ ಮಾವಂದಿರು, ಹುಲ್ಲಿನ ಮೇಲೆ ಉರುಳಾಡೋ ಮಕ್ಕಳು, ಕ್ಯಾಮೆರಾ ಹೊತ್ತವರು. ಒಂದು ಹೊತ್ತಿಗೆ ಬಾಗಿಲು ತೆರೆದು ವಧೂವರರು ಹೊರಗೆ ಬರುತ್ತಿದ್ದರು. ಚಪ್ಪಾಳೆ, ಕೇಕೆ, ಫೋಟೋ. ನೋಡಿದವರಿಗೆ ಮದುವೆ ಈಗ ಶುರು ಅನ್ನಿಸಬೇಕು. ಆದ್ರೆ ಮದುವೆ ಅಷ್ಟು ಹೊತ್ತಿಗೆ ಮುಗಿದೇ ಹೋಗಿರುತ್ತಿತ್ತು. ಹೊರಗೆ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಹುಡುಗಿಯ ಹೆತ್ತ ತಾಯಿಯೂ ಇರಬಹುದಿತ್ತು. ಮಗಳ ಧಾರೆಯನ್ನ ಆಕೆ ಕಣ್ಣಾರೆ ಕಂಡಿಲ್ಲ.

ಇದು ಮಾರ್ಮನ್ನರ ಸಂಗತಿ. ದೂರದೂರಿನ ಈ ಕತೆ ನಮ್ಮ ಪೇಟೆಗೆ ಯಾಕೆ ಅಂತ ಕೇಳಬಹುದು. 2018ರ ಏಪ್ರಿಲ್‌ನಲ್ಲಿ ಇವರ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್, ಭಾರತದ ಮೊದಲ ಮಾರ್ಮನ್ ಟೆಂಪಲ್ ಬೆಂಗಳೂರಲ್ಲಿ ಕಟ್ಟುತ್ತೇವೆ ಅಂತ ಸಾರಿದರು. 2020ರ ಡಿಸೆಂಬರ್ 2ರಂದು ಗುದ್ದಲಿಯೂ ಬಿತ್ತು. ಇಂಥದೇ ಬಾಗಿಲು ನಮ್ಮ ರಾಜಧಾನಿಗೂ ಬಂತು ಅಂದಮೇಲೆ ಅದರ ಒಳಗೇನು ಹೊರಗೇನು ಅಂತ ತಿಳಿದಿರೋದು ಒಳ್ಳೇದು.

ಮೊದಲು ಹೆಸರಿನ ವಿಚಾರ. ಸಭೆಯ ಪೂರ್ತಿ ಹೆಸರು 'ಯೇಸು ಕ್ರಿಸ್ತರ ಲ್ಯಾಟರ್ ಡೇ ಸೇಂಟ್ಸ್ ಸಭೆ'. 'ಬುಕ್ ಆಫ್ ಮಾರ್ಮನ್' ಅನ್ನೋ ಗ್ರಂಥವನ್ನ ಬೈಬಲ್ಲಿನ ಜೊತೆಗೆ ನಂಬೋದರಿಂದ ಜನ ಇಟ್ಟ ಅಡ್ಡಹೆಸರು ಮಾರ್ಮನ್. ಪೂರ್ತಿ ಹೆಸರಲ್ಲೇ ಕರೀರಿ ಅಂತ 2018ರಲ್ಲಿ ನೆಲ್ಸನ್ ಅವರೇ ಕೇಳಿಕೊಂಡರು. ಕೇಳಿಕೊಂಡಿದ್ದೇನೋ ಸರಿ, ಬಸ್ಸಿನಲ್ಲಿ ನಿಂತುಕೊಂಡು ಅಷ್ಟುದ್ದ ಹೆಸರು ಹೇಳೋರು ಯಾರು? ಜೋಸೆಫ್ ಸ್ಮಿತ್ ಅನ್ನೋ ಯುವಕ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಸಭೆ ಕಟ್ಟಿದ. 1844ರಲ್ಲಿ ಗುಂಪೊಂದು ಜೈಲಿಗೆ ನುಗ್ಗಿ ಅವನನ್ನ ಕೊಂದಿತು. ಉಳಿದವರು ಬ್ರಿಗಮ್ ಯಂಗ್ ಹಿಂದೆ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ನಡೆದು 1847ರ ಜುಲೈ 24ರಂದು ಉಪ್ಪಿನ ಸರೋವರದ ಕಣಿವೆ ಸೇರಿದರು. ಈಗ ಲೋಕದಲ್ಲಿ 1 ಕೋಟಿ 70 ಲಕ್ಷಕ್ಕೂ ಮೀರಿ ಸದಸ್ಯರು ಅಂತ ಸಭೆಯದೇ ಲೆಕ್ಕ. ಬಹುಪತ್ನಿತ್ವ ಇತ್ತಲ್ಲ ಅಂತ ಕೇಳೋರು ಇದ್ದೇ ಇರ್ತಾರೆ. ಇತ್ತು. 1890ರಲ್ಲಿ ಅದನ್ನ ಬಿಡೋ ಘೋಷಣೆ ಆಯ್ತು. ಇವತ್ತು ಎರಡನೇ ಹೆಂಡತಿ ಕಟ್ಟಿಕೊಂಡವನನ್ನ ಸಭೆ ಒಳಗಿಟ್ಟುಕೊಳ್ಳೋದಿಲ್ಲ.

ಇನ್ನು ಮನೆಯ ಮಾತು. ಇವರಿಗೆ ಸಂಸಾರ ಅಂದ್ರೆ ಗಂಡ ಹೆಂಡತಿ ಎರಡು ಮಕ್ಕಳು ಅಂತ ಅಲ್ಲ. ಅಜ್ಜ, ಮುತ್ತಜ್ಜ, ಚಿಕ್ಕಪ್ಪ, ಸೋದರತ್ತೆ, ಷಡ್ಡಕ ಎಲ್ಲಾ ಸೇರಿದ ದೊಡ್ಡ ಬಳ್ಳಿ. ಸಂಬಂಧ ಸಾವಿನಾಚೆಗೂ ಉಳಿಯುತ್ತೆ ಅನ್ನೋದು ನಂಬಿಕೆಯ ಬುಡ. ಹಾಗಾಗಿ ಮಗು ಹುಟ್ಟಿದ ದಿನದಿಂದ ಮಣ್ಣಿಗಿಡೋ ದಿನದವರೆಗೂ ಒಂದೊಂದು ಮೆಟ್ಟಿಲಿಗೂ ನೆಂಟರು ಬೇಕು. ಬಂದೇ ಬರ್ತಾರೆ. ನೂರಾರು ಮೈಲಿ ಕಾರು ಓಡಿಸಿಕೊಂಡು ಬರ್ತಾರೆ.

ಮಡಿಲಲ್ಲಲ್ಲ, ಅಂಗೈ ಮೇಲೆ

ಮೊದಲ ಮೆಟ್ಟಿಲು ನಾಮಕರಣ. ತಿಂಗಳ ಮೊದಲ ಭಾನುವಾರ ಸಾಮಾನ್ಯವಾಗಿ ಇವರ ಉಪವಾಸದ ದಿನ. ಎರಡು ಹೊತ್ತಿನ ಊಟ ಬಿಟ್ಟು, ಆ ಊಟಕ್ಕೆ ಆಗೋ ದುಡ್ಡನ್ನ ಬಡವರ ನಿಧಿಗೆ ಹಾಕ್ತಾರೆ. ಮಗುವಿಗೆ ಹೆಸರಿಟ್ಟು ಹರಸೋದೂ ಹೆಚ್ಚಾಗಿ ಅವತ್ತೇ. ಅಪ್ಪ, ಅಜ್ಜಂದಿರು, ಮಾವ, ಚಿಕ್ಕಪ್ಪ ದುಂಡಗೆ ನಿಲ್ತಾರೆ. ಒಂದು ಕೈ ಮಗುವಿನ ಕೆಳಗೆ, ಇನ್ನೊಂದು ಪಕ್ಕದವನ ಹೆಗಲ ಮೇಲೆ. ಮಗು ಅಷ್ಟೂ ಅಂಗೈಗಳ ತೊಟ್ಟಿಲಲ್ಲಿ. ಅಳದಿರಲಿ ಅಂತ ಎಲ್ಲರೂ ಸಣ್ಣಗೆ ಕುಲುಕ್ತಾರೆ. ಅಪ್ಪ ಹೆಸರು ಹೇಳಿ, ಮನಸ್ಸಿಗೆ ಬಂದಂತೆ ಹರಕೆ ನುಡಿಯುತ್ತಾನೆ. ಪುರೋಹಿತರ ಮಂತ್ರ ಇಲ್ಲ, ದಕ್ಷಿಣೆ ಇಲ್ಲ. ಇವರ ಬಿಷಪ್ ಕೂಡ ಸಂಬಳ ಇಲ್ಲದ ಸಂಸಾರಸ್ಥ. ವಾರವೆಲ್ಲಾ ಅಂಗಡಿಯೋ ಆಫೀಸೋ ನೋಡಿಕೊಂಡು ಭಾನುವಾರ ಸಭೆ ನಡೆಸೋನು.

ಆದ್ರೆ ಆ ದುಂಡಿನಲ್ಲಿ ಹೆಂಗಸರಿಲ್ಲ. ಪೌರೋಹಿತ್ಯದ ದೀಕ್ಷೆ ಗಂಡಸರಿಗೆ ಮಾತ್ರ. ಒಂಬತ್ತು ತಿಂಗಳು ಹೊತ್ತವಳು ಬೆಂಚಿನ ಮೇಲೆ ಕೂತು ನೋಡಬೇಕು. ಬಿಳಿ ಲೇಸಿನ ಅಂಗಿ ಹೆಣೆದ ಅಜ್ಜಿಯೂ ಅಷ್ಟೇ. ಅಪ್ಪ ಬೇರೆ ಮತದವನಾದ್ರೆ ಅವನ ಬದಲು ಅಜ್ಜನೋ ಮಾವನೋ ಹರಸ್ತಾನೆ, ಹೆತ್ತಪ್ಪ ಬೆಂಚಿಗೆ. ಇಲ್ಲಿಂದಲೇ ನೋಡಿ, ನೆಂಟರೆಲ್ಲ ಸೇರಿದ ಮನೆಯಲ್ಲೂ ಒಂದು ಗೆರೆ ಕಾಣಿಸಿಕೊಳ್ಳುತ್ತೆ. ಸಣ್ಣ ಗೆರೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತಾಗ ಮರೆತೂ ಹೋಗುತ್ತೆ.

ಕೂಸಿಗೆ ಇವರು ಸ್ನಾನದೀಕ್ಷೆ ಕೊಡೋದಿಲ್ಲ. ತಪ್ಪು ಒಪ್ಪು ತಿಳಿಯದ ಮಗುವಿಗೆ ಪಾಪ ಎಲ್ಲಿಂದ ಬಂತು ಅನ್ನೋದು ವಾದ. ಎಂಟು ತುಂಬಿದಾಗ ಬುದ್ಧಿ ಬಂತು ಅಂತ ಲೆಕ್ಕ. ಬಿಳಿ ಬಟ್ಟೆ ಹಾಕಿದ ಮಗುವನ್ನ, ಬಿಳಿ ಬಟ್ಟೆಯದೇ ಅಪ್ಪ ಸೊಂಟದ ಮಟ್ಟದ ನೀರಿನ ತೊಟ್ಟಿಗೆ ಕರೆದುಕೊಂಡು ಹೋಗಿ, ಗೊತ್ತಾದ ಪ್ರಾರ್ಥನೆಯನ್ನ ಒಂದಕ್ಷರ ತಪ್ಪದೆ ಹೇಳಿ, ಪೂರ್ತಿ ಮುಳುಗಿಸಿ ಎತ್ತುತ್ತಾನೆ. ಪೂರ್ತಿ ಅಂದ್ರೆ ಪೂರ್ತಿ. ಕಾಲಿನ ಹೆಬ್ಬೆರಳು ಮೇಲೆ ತೇಲಿತೋ, ಜಡೆಯ ತುದಿ ನೀರಿಂದಾಚೆ ಉಳಿಯಿತೋ, ಇನ್ನೊಂದು ಸಲ ಮುಳುಗು. ಇದನ್ನ ಕಣ್ಣಿಟ್ಟು ನೋಡೋಕೆ ತೊಟ್ಟಿಯ ಪಕ್ಕದಲ್ಲಿ ಇಬ್ಬರು ಸಾಕ್ಷಿಗಳು.

ಈ ಸಾಕ್ಷಿಯ ಕೆಲಸ 2019ರ ಅಕ್ಟೋಬರ್ ತನಕ ದೀಕ್ಷೆ ಪಡೆದ ಗಂಡಸರದ್ದೇ ಆಗಿತ್ತು. ಆ ತಿಂಗಳು ನಿಯಮ ಬದಲಾಗಿ, ಸ್ನಾನದೀಕ್ಷೆ ಆದ ಯಾವ ಸದಸ್ಯರಾದರೂ ಸಾಕ್ಷಿ ನಿಲ್ಲಬಹುದು ಅಂತಾಯ್ತು. ಈಗ ಅಜ್ಜಿ ಒಂದು ಕಡೆ, ಹತ್ತು ವರ್ಷದ ಅಕ್ಕ ಇನ್ನೊಂದು ಕಡೆ ನಿಂತು, ತಮ್ಮನ ಹೆಬ್ಬೆರಳು ಮುಳುಗಿತೋ ಇಲ್ಲವೋ ಅಂತ ಬಗ್ಗಿ ನೋಡಬಹುದು. ಅಧಿಕಾರ ಏನೂ ದೊಡ್ಡದಲ್ಲ. ಆದ್ರೂ ಅಜ್ಜಿ ಬೆಂಚಿನಿಂದ ಎದ್ದು ತೊಟ್ಟಿಯ ತನಕ ಬಂದಳಲ್ಲ, ಅದೇನು ಕಮ್ಮಿಯೇ? ಎಲ್ಲಾ ಮುಗಿದ ಮೇಲೆ ತಲೆ ಒದ್ದೆಯಾಗಿರೋ ಮಗುವನ್ನ ಕೂರಿಸಿ, ಗಂಡಸರು ತಲೆ ಮೇಲೆ ಕೈಯಿಟ್ಟು ದೃಢೀಕರಿಸ್ತಾರೆ. ಅಜ್ಜ ಅಜ್ಜಿಯ ಉಡುಗೊರೆ ಬಹಳ ಮನೆಗಳಲ್ಲಿ ಒಂದೇ ಥರ: ಮಗುವಿನ ಹೆಸರನ್ನ ಬಂಗಾರದ ಬಣ್ಣದಲ್ಲಿ ಅಚ್ಚೊತ್ತಿದ ಧರ್ಮಗ್ರಂಥ.

ಆಮೇಲಿನ ದೊಡ್ಡ ಗಲಾಟೆ ಮಿಷನ್ನಿನದು. ಬಿಳಿ ಅಂಗಿ, ಟೈ, ಎದೆಗೆ ಕಪ್ಪು ಹೆಸರುಪಟ್ಟಿ, ಜೋಡಿ ಜೋಡಿಯಾಗಿ ನಡೆಯೋ ಹುಡುಗರು. ಬೆಂಗಳೂರಿನಲ್ಲಿ ಇವರ ಮಿಷನ್ 1993ರಿಂದಲೇ ಇರೋದರಿಂದ ಅಲ್ಲಿನ ಬಸ್ ಸ್ಟಾಪುಗಳಲ್ಲಿ ಕಂಡವರೂ ಉಂಟು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ ಸೇವೆ. ಸಂಬಳ ಇಲ್ಲ, ಖರ್ಚು ಸಹ ಮನೆಯವರದ್ದೇ. 2012ರಲ್ಲಿ ಹೊರಡೋ ವಯಸ್ಸನ್ನ ಹುಡುಗರಿಗೆ 19ರಿಂದ 18ಕ್ಕೂ ಹುಡುಗಿಯರಿಗೆ 21ರಿಂದ 19ಕ್ಕೂ ಇಳಿಸಿದರು. 2025ರ ನವೆಂಬರಿನಲ್ಲಿ ಹುಡುಗಿಯರಿಗೂ 18 ಅಂತ ಸಮ ಮಾಡಿದರು.

ಎಲ್ಲಿಗೆ ಹೋಗಬೇಕು ಅಂತ ಆರಿಸೋದು ಹುಡುಗನ ಕೈಯಲ್ಲಿಲ್ಲ. ಮೊದಲೆಲ್ಲ ಸಾಲ್ಟ್ ಲೇಕ್‌ನಿಂದ ದಪ್ಪ ಲಕೋಟೆ ಬರುತ್ತಿತ್ತು. ಬಂದ ಕೂಡ್ಲೇ ಒಡೆಯುವ ಹಾಗಿಲ್ಲ. ಸೋದರಮಾವ ಬರಬೇಕು, ಅಜ್ಜಿ ಬರಬೇಕು, ದೂರದವರು ಫೋನಿನಲ್ಲಿ ಕಾಯಬೇಕು. ಗೋಡೆ ಮೇಲೆ ಪ್ರಪಂಚದ ನಕ್ಷೆ, ಯಾವ ದೇಶ ಅಂತ ಪಂದ್ಯ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಇಷ್ಟು ಜನ ಸೇರೋಲ್ಲ. 2018ರಿಂದ ಕಾಗದದ ಬದಲು ಕಂಪ್ಯೂಟರಿಗೆ ಸಂದೇಶ ಬರೋದು ಶುರುವಾಯ್ತು. ಜನ ಸೇರೋದು ಮಾತ್ರ ನಿಂತಿಲ್ಲ. ಮನೆಗೆ ಫೋನು ವರ್ಷಕ್ಕೆರಡೇ ಸಲ, ಕ್ರಿಸ್‌ಮಸ್‌ಗೊಂದು ತಾಯಂದಿರ ದಿನಕ್ಕೊಂದು ಅಂತ ಇದ್ದದ್ದು 2019ರ ಫೆಬ್ರವರಿಯಿಂದ ವಾರಕ್ಕೊಂದು ಆಯ್ತು. ಆ ವಾರ ಎಷ್ಟು ತಾಯಂದಿರು ಅತ್ತರೋ.

ತಿರುಗಿ ಬರೋ ದಿನ ವಿಮಾನ ನಿಲ್ದಾಣದಲ್ಲಿ ಜಾತ್ರೆ. ಬಲೂನು, ಬ್ಯಾನರು, ಕಂಡೇ ಇರದ ಹೊಸ ತಂಗಿ, ಸೊಸೆಯಂದಿರು. ಸಾಲ್ಟ್ ಲೇಕ್‌ನಲ್ಲಿ 2020ರಲ್ಲಿ ತೆರೆದ ಹೊಸ ನಿಲ್ದಾಣದಲ್ಲಿ ಇಂಥ ಮನೆಮಂದಿ ಕಾಯೋಕೆ ಅಂತಲೇ ದೊಡ್ಡ ಕೋಣೆ ಬಿಟ್ಟು ನಕ್ಷೆ ಹಾಕಿದರು ಅಂದ್ರೆ ಲೆಕ್ಕ ಹಾಕಿ. ಆದ್ರೆ ಆರೋಗ್ಯ ಕೆಟ್ಟೋ ಮನಸ್ಸು ಕುಸಿದೋ ಆರು ತಿಂಗಳಿಗೇ ಬಂದುಬಿಟ್ಟ ಹುಡುಗನಿಗೆ ಬಲೂನು ಕಮ್ಮಿ. 'ಯಾಕಪ್ಪ ಇಷ್ಟು ಬೇಗ?' ಅನ್ನೋ ಪ್ರಶ್ನೆ ಜಾಸ್ತಿ. ದೊಡ್ಡ ಬಂಧುಬಳಗದ ಇನ್ನೊಂದು ಮುಖ ಇದು. ನಮ್ಮೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಚೀಟಿ ಇದ್ದವರಿಗೆ ಮಾತ್ರ

ಈಗ ಮದುವೆಗೆ ಬರೋಣ. ಇಲ್ಲಿ ಒಂದು ಭೇದ ತಿಳಿದಿರಬೇಕು. ಇವರ ಚರ್ಚು ಬೇರೆ, ಟೆಂಪಲ್ ಬೇರೆ. ಚರ್ಚು ಪ್ರತಿ ಬಡಾವಣೆಯಲ್ಲೂ ಇರುತ್ತೆ, ಭಾನುವಾರ ಯಾರು ಬೇಕಾದ್ರೂ ಹೋಗಿ ಕೂರಬಹುದು. ಟೆಂಪಲ್ ಕೆಲವೇ ಊರಲ್ಲಿ. ಭಾನುವಾರ ಅದಕ್ಕೆ ಬೀಗ. ಉಳಿದ ದಿನ ಒಳಗೆ ಹೋಗೋಕೆ ಪರವಾನಗಿ ಚೀಟಿ ಬೇಕು. ಎರಡು ವರ್ಷಕ್ಕೊಮ್ಮೆ ಬಿಷಪ್ ಮುಂದೆ, ಆಮೇಲೆ ಅವರ ಮೇಲಿನವರ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಂಬಿಕೆ ಇದೆಯೇ, ನಡತೆ ಶುದ್ಧವೇ, ಆದಾಯದ ಹತ್ತರಲ್ಲೊಂದು ಪಾಲು ಸಭೆಗೆ ಕೊಟ್ಟಿದೀಯಾ, ಹೆಂಡ ಹೊಗೆಸೊಪ್ಪು ಚಹಾ ಕಾಫಿ ಮುಟ್ಟೋದಿಲ್ಲ ತಾನೆ, ಹೀಗೆ. ಹೌದು, ಚಹಾ ಕಾಫಿಯೂ ಸೇರಿತು. 1833ರಲ್ಲಿ ಜೋಸೆಫ್ ಸ್ಮಿತ್ ಹೇಳಿದ ಆರೋಗ್ಯದ ಉಪದೇಶದಲ್ಲಿ 'ಬಿಸಿ ಪಾನೀಯ' ಬೇಡ ಅಂತ ಇದೆ, ಅದಕ್ಕೆ ಅರ್ಥ ಚಹಾ ಕಾಫಿ ಅಂತ ಮಾಡಿದ್ದಾರೆ. ಹಾಸನ ಚಿಕ್ಕಮಗಳೂರಿನ ಕಡೆಯವರಿಗೆ ಈ ಮತ ಕಷ್ಟವೇ.

ನಗೋ ಮಾತಲ್ಲ. ಯಾಕಂದ್ರೆ ಶಾಶ್ವತ ಮದುವೆ ನಡೆಯೋದು ಟೆಂಪಲ್ಲಿನ ಒಳಗೆ. 'ಸಾಯುವ ತನಕ' ಅಂತಲ್ಲ, ಅನಂತ ಕಾಲಕ್ಕೂ ಬೆಸುಗೆ ಅನ್ನೋದು ಇವರ ನಂಬಿಕೆ. ಅದಕ್ಕೇ ಆ ವಿಧಿಗೆ ಮುದ್ರೆ ಒತ್ತೋದು ಅನ್ನೋ ಅರ್ಥದ ಹೆಸರು. ಸಣ್ಣ ಕೋಣೆ, ನಡುವೆ ಮೆತ್ತೆ ಹಾಕಿದ ಪೀಠ, ಆಚೀಚೆ ಮಂಡಿಯೂರಿದ ಹುಡುಗ ಹುಡುಗಿ. ಎದುರುಬದುರು ಗೋಡೆಯಲ್ಲಿ ದೊಡ್ಡ ಕನ್ನಡಿಗಳು. ತಲೆಯೆತ್ತಿದರೆ ಕನ್ನಡಿಯೊಳಗೆ ಕನ್ನಡಿ, ಅದರೊಳಗೆ ಕನ್ನಡಿ, ತಾವಿಬ್ಬರೇ ಕೊನೆಯಿಲ್ಲದ ಸಾಲಾಗಿ ಕಾಣ್ತಾರೆ. ಉಪದೇಶ ಸೇರಿ ಅರ್ಧ ಗಂಟೆಯೊಳಗೆ ಮುಗಿಯೋ ಕೆಲಸ. ಫೋಟೋ ಇಲ್ಲ, ವಿಡಿಯೋ ಇಲ್ಲ. ಚೀಟಿ ಇದ್ದ, ಟೆಂಪಲ್ಲಿನ ದೀಕ್ಷೆ ಆದ ದೊಡ್ಡವರು ಮಾತ್ರ ಒಳಗೆ.

ಅಂದಮೇಲೆ ಹೊರಗೆ ಯಾರು? ಮತಕ್ಕೆ ಸೇರದ ಅಪ್ಪ ಅಮ್ಮ ಹೊರಗೆ. ಸೇರಿ ಆಮೇಲೆ ಬಿಟ್ಟ ಅಣ್ಣ ಹೊರಗೆ. ದಶಾಂಶ ಕೊಡಲು ಆಗದ ಚಿಕ್ಕಪ್ಪ ಹೊರಗೆ. ಬೆಳಿಗ್ಗೆ ಎದ್ದು ಒಂದು ಲೋಟ ಕಾಫಿ ಕುಡಿಯೋ ಅಜ್ಜಿ ಹೊರಗೆ. ಎಲ್ಲಾ ನಿಯಮ ಪಾಲಿಸೋ, ಆದ್ರೆ ಇನ್ನೂ ಹದಿನೈದರ ತಂಗಿಯೂ ಹೊರಗೆ. ಮಗುವಿನ ಹರಕೆಗೆ ಬಂದವರು, ತೊಟ್ಟಿಯ ಪಕ್ಕ ಹಾಡಿದವರು, ಲಕೋಟೆ ಒಡೆಯೋಕೆ ಕಾದವರು, ಅವರೇ ಈ ಎಲ್ಲರೂ. ಇಪ್ಪತ್ತು ವರ್ಷ ಎಲ್ಲದಕ್ಕೂ ಬೇಕಾದ ನೆಂಟರು ದೊಡ್ಡ ದಿನಕ್ಕೆ ಹುಲ್ಲಿನ ಮೇಲೆ.

ನಮ್ಮಲ್ಲಿ ಮದುವೆ ಅಂದ್ರೆ ನೋಡೋದೇ ಮದುವೆ. ಅಕ್ಷತೆ ಹಾಕಿದವರೆಲ್ಲ ಸಾಕ್ಷಿ. ಛತ್ರದ ಹಿಂದಿನ ಸಾಲಲ್ಲಿ ಕೂತವನೂ ಗಟ್ಟಿಮೇಳ ಅಂದಾಗ ಎದ್ದು ಎರಡು ಕಾಳು ಎಸೀತಾನೆ. ಹಾಗಂತ ನಾವು ಎದೆ ತಟ್ಟಿಕೊಳ್ಳೋ ಹಾಗೂ ಇಲ್ಲ. ಯಾರು ಎಲ್ಲಿಯ ತನಕ ಬರಬಹುದು ಅಂತ ಗೆರೆ ಎಳೆದ ದೇವಸ್ಥಾನಗಳು ನಮ್ಮ ಜಿಲ್ಲೆಗಳಲ್ಲೂ ಇದ್ದವು, ಕೋರ್ಟು ಕಾನೂನು ಬಂದಮೇಲೂ ಮನಸ್ಸಿನಲ್ಲಿ ಇವೆ. ಮಾರ್ಮನ್ನರು ಕೊಡೋ ಕಾರಣವನ್ನೂ ಹೇಳಬೇಕು: ಇದು ಗುಟ್ಟಲ್ಲ, ಪವಿತ್ರ, ಆಣೆಯ ತೂಕ ಗೊತ್ತಿರೋರು ಮಾತ್ರ ಒಳಗಿರಲಿ, ಹಣವಂತ ಬಡವ ಅನ್ನೋ ಭೇದ ಇಲ್ಲ, ಎಲ್ಲರಿಗೂ ಒಂದೇ ಬಿಳಿ ಬಟ್ಟೆ. ಮಾತಿನಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. ಆದ್ರೆ ಹೆತ್ತವಳಿಗಿಂತ ತೂಕ ಗೊತ್ತಿರೋರು ಯಾರು ಅನ್ನೋ ಪ್ರಶ್ನೆ ಉಳಿಯುತ್ತೆ.

ದೊಡ್ಡ ಮನೆತನಗಳಿಗೂ ಇದು ತಪ್ಪಿದ್ದಲ್ಲ. 2012ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತು ಒಬಾಮಾ ಎದುರು ಸೋತ ಮಿಟ್ ರಾಮ್ನಿಯ ಕತೆ ಕೇಳಿ. ಮಿಟ್‌ನ ಅಪ್ಪ ಮಿಶಿಗನ್ ರಾಜ್ಯದ ಗವರ್ನರ್ ಆಗಿದ್ದವರು, ಹುಟ್ಟಾ ಮಾರ್ಮನ್ನರು. ಹುಡುಗಿ ಆ್ಯನ್ ಡೇವೀಸ್ ಆಮೇಲೆ ಮತಕ್ಕೆ ಸೇರಿದವರು, ಹೆತ್ತವರು ಸೇರಿರಲಿಲ್ಲ. 1969ರ ಮಾರ್ಚ್ 21ರಂದು ಮಿಶಿಗನ್ನಿನಲ್ಲಿ ಹುಡುಗಿಯ ಮನೆಯಲ್ಲೇ ಎಲ್ಲರ ಮುಂದೆ ಒಂದು ಮದುವೆ. ಮರುದಿನ ವಿಮಾನ ಹತ್ತಿ ಸಾಲ್ಟ್ ಲೇಕ್‌ನಲ್ಲಿ ಇನ್ನೊಂದು. ಆ ಎರಡನೆಯದಕ್ಕೆ ಹುಡುಗಿಯ ತಂದೆತಾಯಿ ಒಳಗೆ ಹೋಗೋ ಹಾಗಿರಲಿಲ್ಲ.

ಮುಂದಿನ ದಶಕಗಳಲ್ಲಿ ಅಮೆರಿಕದ ಬಹುಪಾಲು ಜೋಡಿಗಳಿಗೆ ಈ ಎರಡು ದಿನದ ಉಪಾಯವೂ ಸಿಗಲಿಲ್ಲ. ಎಲ್ಲರ ಮುಂದೆ ಮೊದಲು ಮದುವೆಯಾದ್ರೆ ಟೆಂಪಲ್ಲಿನ ಬೆಸುಗೆಗೆ ಒಂದು ವರ್ಷ ಕಾಯಬೇಕು ಅನ್ನೋದು ನಿಯಮ. ಇಂಗ್ಲೆಂಡಿನಂಥ ಕಡೆ ಮದುವೆ ಸಾರ್ವಜನಿಕವಾಗಿಯೇ ಆಗಬೇಕು ಅಂತ ಕಾನೂನು ಇದ್ದದ್ದರಿಂದ ಅಲ್ಲಿ ಈ ಕಾಯೋ ಶಿಕ್ಷೆ ಇರಲಿಲ್ಲ. ಬೆಳಿಗ್ಗೆ ಎಲ್ಲರ ಮುಂದೆ ಆಗಿ ಟೆಂಪಲ್ಲಿಗೆ ಹೊರಟರೆ ಸರಿಹೋಗುತ್ತಿತ್ತು. ಅಂದ್ರೆ ಧರ್ಮದ ತೊಡಕು ಅಲ್ಲ, ಆಡಳಿತದ ತೊಡಕು. ಒಂದೇ ಮತ, ಒಂದೇ ವಿಧಿ, ಸಮುದ್ರದ ಆಚೆಗೊಂದು ನ್ಯಾಯ ಈಚೆಗೊಂದು.

ವರ್ಷ ಕಾಯೋದು ಬರೀ ಕಾಲದ ಮಾತಾಗಿರಲಿಲ್ಲ. ಯೂಟಾದಲ್ಲಿ ಹುಡುಗಿ ಟೆಂಪಲ್ ಬಿಟ್ಟು ಬೇರೆ ಕಡೆ ಮದುವೆ ಆಗ್ತಾಳೆ ಅಂದ್ರೆ ಗುಸುಗುಸು ಶುರು: ಏನೋ ನಡೀಬಾರದ್ದು ನಡೆದಿರಬೇಕು, ಅದಕ್ಕೇ ಚೀಟಿ ಸಿಕ್ಕಿಲ್ಲ. ಅಮ್ಮನಿಗಾಗಿ ಎಲ್ಲರ ಮುಂದೆ ಮದುವೆಯಾದ್ರೆ ಊರ ಬಾಯಿ. ಊರಿಗಾಗಿ ಟೆಂಪಲ್ಲಿನಲ್ಲಾದ್ರೆ ಅಮ್ಮನ ಕಣ್ಣೀರು. ಹುಡುಗ ಹುಡುಗಿ ಇವೆರಡರ ಮಧ್ಯೆ. ಸಮಾಧಾನಕ್ಕೆ ಅಂತ ಸಂಜೆ ಆರತಕ್ಷತೆಯಲ್ಲಿ ಉಂಗುರ ಬದಲಾಯಿಸೋದು ಒಂದು ರೂಢಿ ಮಾಡಿಕೊಂಡರು. ಅದರಲ್ಲೂ ಷರತ್ತು. ಆಣೆ ಪ್ರಮಾಣ ಹೇಳಿ ಅದನ್ನ ಮದುವೆ ಥರ ಕಾಣಿಸಬಾರದು. ಅಪ್ಪನ ಮುಂದೆ ಉಂಗುರ ತೊಡಿಸಬಹುದು, ಒಂದು ಮಾತು ಕೊಡೋ ಹಾಗಿಲ್ಲ.

ವರ್ಷಗಟ್ಟಲೆ ಸದಸ್ಯರೇ ಮನವಿ ಬರೆದರು, ಗೊಣಗಿದರು, ಕಾದರು. 2019ರ ಮೇ 6ರಂದು ಸಾಲ್ಟ್ ಲೇಕ್‌ನಿಂದ ಪತ್ರ ಬಂತು: ಇನ್ನು ಮುಂದೆ ವರ್ಷ ಕಾಯಬೇಕಾಗಿಲ್ಲ. ಎಲ್ಲರ ಮುಂದೆ ಮದುವೆಯಾಗಿ, ಅನುಕೂಲ ಆದ ಕೂಡಲೇ ಟೆಂಪಲ್ಲಿಗೆ ಹೋಗಬಹುದು. ಒಂದು ಪುಟದ ಆಡಳಿತದ ಪತ್ರ. ಅದು ಬಂದ ದಿನಕ್ಕೆ ಎಷ್ಟೋ ಮನೆಗಳಲ್ಲಿ ಖುಷಿ, ಇನ್ನೂ ಎಷ್ಟೋ ಮನೆಗಳಲ್ಲಿ ಹೊಟ್ಟೆಯುರಿ. ಹೋದ ವರ್ಷ ಮಗಳ ಮದುವೆ ಹುಲ್ಲಿನ ಮೇಲೆ ಕೂತು ಕಳೆದವರಿಗೆ ಈ ಪತ್ರ ಏನು ಕೊಟ್ಟೀತು? ಮಾಡಿದ್ದು ಸರಿಯಾದ ಕೆಲಸ. ಐವತ್ತು ವರ್ಷ ಮೊದಲೇ ಮಾಡಬಹುದಾಗಿದ್ದ ಕೆಲಸ. ಈಗಲೂ ಟೆಂಪಲ್ಲಿನ ಬಾಗಿಲೇನೂ ಅಗಲ ಆಗಿಲ್ಲ, ಒಳಗೆ ಹೋಗೋರು ಚೀಟಿಯವರೇ. ಬಾಗಿಲಿಗೆ ಮುಂಚೆ ಅಂಗಳದಲ್ಲಿ ಎಲ್ಲರ ಜೊತೆ ಒಂದು ಮದುವೆಗೆ ಜಾಗ ಸಿಕ್ಕಿತು, ಅಷ್ಟೇ.

ಹೊರಗಿಟ್ಟ ಲೆಕ್ಕ ತೆಗೆದ ಮೇಲೆ ಎರಡು ಮಾತು ಬಿಡೋ ಹಾಗಿಲ್ಲ. 1978ರ ಜೂನ್ ತನಕ ಕಪ್ಪು ಜನಾಂಗದ ಗಂಡಸರಿಗೆ ಪೌರೋಹಿತ್ಯವೇ ಇರಲಿಲ್ಲ. ಕಪ್ಪು ದಂಪತಿಗಳಿಗೆ ಟೆಂಪಲ್ಲಿನ ಬೆಸುಗೆಯೂ ಇರಲಿಲ್ಲ. ಅಂದ್ರೆ ಅಂಥ ಮನೆಯ ಅಪ್ಪ ತನ್ನ ಕೂಸನ್ನ ತಾನೇ ಎತ್ತಿ ಹರಸೋ ಹಾಗಿರಲಿಲ್ಲ, ಎಂಟು ತುಂಬಿದ ಮಗನನ್ನ ತೊಟ್ಟಿಗೆ ಇಳಿಸೋ ಹಾಗಿರಲಿಲ್ಲ. ಇನ್ನೊಂದು 2015ರ ನವೆಂಬರಿನದು. ಸಲಿಂಗ ದಂಪತಿಗಳ ಮಕ್ಕಳಿಗೆ ನಾಮಕರಣದ ಹರಕೆ, ಎಂಟರ ಸ್ನಾನ ಎರಡೂ ಇಲ್ಲ, 18 ತುಂಬಲಿ ಅಂದರು. ಅಜ್ಜ ಅಜ್ಜಿಯರೇ ಇದಕ್ಕೆ ಕಂಗಾಲು. 2019ರ ಏಪ್ರಿಲ್‌ನಲ್ಲಿ ಅದನ್ನ ವಾಪಸ್ ತಗೊಂಡರು. 2019 ಈ ಸಭೆಗೆ ದೊಡ್ಡ ವರ್ಷವೇ ಅನ್ನಬೇಕು.

ಆಲೂಗಡ್ಡೆ, ಜೆಲ್ಲಿ ಮತ್ತು ಸತ್ತವರು

ಊಟದ ಮಾತಿಲ್ಲದೆ ನೆಂಟರ ಮಾತು ಮುಗಿಯುತ್ತದೆಯೇ? ಛತ್ರದ ಬಾಡಿಗೆ ಕೊಟ್ಟು ಸೋತವರು ಕೇಳಿ: ಇವರ ಆರತಕ್ಷತೆ ಬಹಳ ಸಲ ಚರ್ಚಿನ ಹಜಾರದಲ್ಲೇ. ವಾರವೆಲ್ಲಾ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡೋ ಜಾಗ. ಬುಟ್ಟಿಯ ಕೆಳಗೆ ಬಿಳಿ ಪರದೆ ಕಟ್ಟಿ, ವಧೂವರರನ್ನ ನಿಲ್ಲಿಸಿ, ಸಾಲಾಗಿ ಬಂದು ಕೈಕುಲುಕಿ ಹೋಗೋದು. ಮದ್ಯ ಇಲ್ಲ, ಕಾಫಿ ಇಲ್ಲ. ಷರಬತ್ತು, ಕೇಕು, ಅಕ್ಕಪಕ್ಕದ ಹೆಂಗಸರು ಮಾಡಿ ತಂದ ತಟ್ಟೆಗಳು. ಬಣ್ಣದ ಜೆಲ್ಲಿ ತಿಂಡಿಗೆ ಯೂಟಾ ಎಷ್ಟು ಹೆಸರಾಯ್ತು ಅಂದ್ರೆ 2001ರಲ್ಲಿ ಜೆಲ್-ಓ ಅನ್ನೋದನ್ನ ರಾಜ್ಯದ ಅಧಿಕೃತ ತಿಂಡಿ ಅಂತ ಘೋಷಿಸಿದರು. 2002ರಲ್ಲಿ ಅಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಹಸಿರು ಜೆಲ್ಲಿಯ ಬಟ್ಟಲಿನ ಚಿತ್ರದ ಪಿನ್ನಿಗೆ ಜನ ಮುಗಿಬಿದ್ದರು.

ಸಾವಿಗೂ ಒಂದು ತಿಂಡಿ ಇದೆ. ತುರಿದ ಆಲೂಗಡ್ಡೆ, ಚೀಸು, ಕೆನೆ ಹಾಕಿ, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ ಬೇಯಿಸಿದ್ದು. ಅದರ ಹೆಸರೇ ಶವಸಂಸ್ಕಾರದ ಆಲೂಗಡ್ಡೆ. ಮಣ್ಣು ಮಾಡಿ ಬಂದ ಮನೆಯವರು ಒಲೆ ಹಚ್ಚಬಾರದು ಅಂತ ಸಭೆಯ ಹೆಂಗಸರು ತಟ್ಟೆ ತಟ್ಟೆ ತಂದಿಡ್ತಾರೆ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ಬೀಗರು ಅನ್ನ ಸಾರು ತರೋದು ನೆನಪಾಗದೆ ಇರದು. ಟೆಂಪಲ್ ದೀಕ್ಷೆ ಆದವರ ಶವಕ್ಕೆ ಟೆಂಪಲ್ಲಿನ ಬಿಳಿ ಬಟ್ಟೆಯನ್ನೇ ತೊಡಿಸ್ತಾರೆ. ಎಷ್ಟೋ ಮನೆಗಳಲ್ಲಿ ತೊಡಿಸೋರು ಮಗಳು ಸೊಸೆಯರೇ.

ಸತ್ತಮೇಲೂ ನೆಂಟಸ್ತಿಕೆ ಮುಗಿಯೋದಿಲ್ಲ. ಮತಕ್ಕೆ ಸೇರದೆ ಸತ್ತ ಪೂರ್ವಿಕರ ಹೆಸರಲ್ಲಿ ಬದುಕಿರೋ ಮೊಮ್ಮಕ್ಕಳು ಟೆಂಪಲ್ಲಿನ ತೊಟ್ಟಿಯಲ್ಲಿ ಮುಳುಗ್ತಾರೆ. ಒಪ್ಪೋದು ಬಿಡೋದು ಪರಲೋಕದಲ್ಲಿ ಆ ಸತ್ತವರ ಇಷ್ಟ ಅಂತ ಇವರ ಮಾತು. ಹಾಗಾಗಿ ಮುತ್ತಜ್ಜನ ಮುತ್ತಜ್ಜ ಯಾರು ಅಂತ ಹುಡುಕೋದು ಇವರಿಗೆ ಹವ್ಯಾಸ ಅಲ್ಲ, ಧರ್ಮದ ಕೆಲಸ. 1894ರಲ್ಲೇ ಅದಕ್ಕೊಂದು ಸಂಘ ಕಟ್ಟಿದರು. ಸಾಲ್ಟ್ ಲೇಕ್ ಪಕ್ಕದ ಗ್ರಾನೈಟ್ ಬೆಟ್ಟ ಕೊರೆದು ಉಗ್ರಾಣ ಮಾಡಿ, ದೇಶದೇಶದ ಜನನ ಮರಣ ಮದುವೆ ದಾಖಲೆಗಳ 24 ಲಕ್ಷ ಮೈಕ್ರೋಫಿಲ್ಮ್ ಸುರುಳಿ ಇಟ್ಟರು. ಅವೆಲ್ಲವನ್ನ ಕಂಪ್ಯೂಟರಿಗೆ ಏರಿಸೋ ಕೆಲಸ 2021ರಲ್ಲಿ ಮುಗೀತು. ಹರಿದ್ವಾರದ ಪಂಡರು ಯಾತ್ರಿಕರ ವಂಶ ಬರೆದಿಟ್ಟ ಉದ್ದನೆಯ ವಹಿಗಳನ್ನೂ ಇವರು ಬಂದು ಫಿಲ್ಮ್ ಮಾಡಿಕೊಂಡು ಹೋಗಿದ್ದಾರೆ. ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ನಿಂತು, ಏಳು ತಲೆಮಾರಿನ ಹೆಸರು ಗಡಗಡ ಹೇಳಿ ಕಾಳು ಇಸ್ಕೊಂಡು ಹೋಗೋ ನಮ್ಮ ಹೆಳವರು ಇಲ್ಲಿ ನೆನಪಾಗ್ತಾರೆ. ಆದ್ರೆ ಊರವರೆಲ್ಲರ ಹೆಸರಿಗೂ ಸ್ನಾನ ಮಾಡಿಸಿದರೆ ಎಲ್ಲರೂ ಸುಮ್ಮನಿರ್ತಾರೆಯೇ? ಹಿಟ್ಲರನ ಕಾಲದಲ್ಲಿ ಸತ್ತ ಯಹೂದಿಗಳ ಹೆಸರಲ್ಲೂ ಹೀಗೆ ಮಾಡಿದ್ದು ಬಯಲಾಗಿ ದೊಡ್ಡ ರಾದ್ಧಾಂತ ಆಯ್ತು. 1995ರಲ್ಲಿ ಯಹೂದಿ ಸಂಘಟನೆಗಳ ಜೊತೆ ಒಪ್ಪಂದಕ್ಕೆ ಬಂದರು. ನಿಮ್ಮ ನಿಮ್ಮ ಪೂರ್ವಿಕರ ಹೆಸರಷ್ಟೇ ತನ್ನಿ ಅನ್ನೋದು ಈಗಿನ ಕಟ್ಟುನಿಟ್ಟು.

ನಮ್ಮ ಕಡೆಯ ಸದಸ್ಯರ ಪಾಡು ಯೂಟಾದವರದ್ದಕ್ಕಿಂತ ಬೇರೆ. ಭಾರತದಲ್ಲಿ ಇವರ ಮೊದಲ ಸ್ಟೇಕ್, ಅಂದ್ರೆ ಹಲವು ಚರ್ಚುಗಳ ಒಕ್ಕೂಟ, 2012ರಲ್ಲಿ ಹೈದರಾಬಾದಿನಲ್ಲಿ ಆಯ್ತು. ಇಲ್ಲಿ ಆರು ತಲೆಮಾರಿನ ಮಾರ್ಮನ್ ಮನೆತನ ಎಲ್ಲಿಂದ ಬರಬೇಕು? ಸೇರಿದವರಲ್ಲಿ ಬಹುಪಾಲು ತಾವೇ ಮೊದಲನೆಯವರು. ಅಪ್ಪ ಅಮ್ಮ ಹಿಂದೂಗಳೋ, ಬೇರೆ ಪಂಗಡದ ಕ್ರೈಸ್ತರೋ. ಸ್ವಂತ ದೇಶದಲ್ಲಿ ಟೆಂಪಲ್ ಇಲ್ಲದ ಕಾಲದಲ್ಲಿ ಹಾಂಕಾಂಗ್‌ನಂಥ ದೂರದೂರಿಗೆ ವಿಮಾನದ ದುಡ್ಡು ಹೊಂದಿಸಿ ಹೋಗುತ್ತಿದ್ದರು. ನೆಂಟರು ಹೇಗೂ ಅಷ್ಟು ದೂರ ಬರುತ್ತಿರಲಿಲ್ಲ. ಬಾಗಿಲ ಪ್ರಶ್ನೆ ಯಾರ ಕಣ್ಣಿಗೂ ಬೀಳಲಿಲ್ಲ. ಟೆಂಪಲ್ ಬೆಂಗಳೂರಿಗೇ ಬಂದರೆ ಸೋದರಮಾವ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳೀತಾನೆ, ಆಟೋ ಮಾಡಿಕೊಂಡು ಗೇಟಿನ ತನಕ ಬರ್ತಾನೆ. ಆಗ ಅವನಿಗೆ ಏನು ಹೇಳೋದು ಅನ್ನೋದನ್ನ ಮನೆಯವರು ಮುಂಚೇನೇ ಮಾತಾಡಿಕೊಂಡಿರಬೇಕು. 2019ರ ಪತ್ರದ ಪುಣ್ಯ, ಎಲ್ಲರನ್ನೂ ಕೂರಿಸಿಕೊಂಡು ಮೊದಲು ಮದುವೆ, ಊಟ, ಆಮೇಲೆ ಇಬ್ಬರೇ ಟೆಂಪಲ್ಲಿಗೆ ಅನ್ನೋ ದಾರಿಗೆ ಯಾವ ದಂಡವೂ ಇಲ್ಲ.

ಇವರಲ್ಲಿ ಇನ್ನೊಂದು ಪದ್ಧತಿ ಉಂಟು. ಯಾವ ಊರಿನ ಟೆಂಪಲ್ ಆದ್ರೂ ಸರಿ, ಕಟ್ಟಡ ಮುಗಿದು ಪ್ರತಿಷ್ಠೆ ಆಗೋ ಮುಂಚೆ ಕೆಲವು ದಿನ ಬಾಗಿಲು ಎಲ್ಲರಿಗೂ ತೆರೆದಿಡ್ತಾರೆ. ಜಾತಿ ಕೇಳೋದಿಲ್ಲ, ಮತ ಕೇಳೋದಿಲ್ಲ, ಚೀಟಿ ಕೇಳೋದಿಲ್ಲ. ಚಪ್ಪಲಿ ಬೂಟಿನ ಮೇಲೆ ಬಿಳಿ ಚೀಲ ತೊಡಿಸಿ ಕೋಣೆ ಕೋಣೆಗೂ ಕರಕೊಂಡು ಹೋಗ್ತಾರೆ. ಸ್ನಾನದ ತೊಟ್ಟಿ ತೋರಿಸ್ತಾರೆ, ಎದುರುಬದುರು ಕನ್ನಡಿಯ ಮದುವೆ ಕೋಣೆಯನ್ನೂ ತೋರಿಸ್ತಾರೆ. ಮುಂದೆ ಮಗಳ ಬೆಸುಗೆಗೆ ಒಳಗೆ ಬರಲಾಗದ ತಾಯಿ, ಅವಳು ಯಾವ ಪೀಠದ ಮುಂದೆ ಮಂಡಿಯೂರ್ತಾಳೆ ಅನ್ನೋದನ್ನ ಆ ದಿನಗಳಲ್ಲಿ ನೋಡಿಟ್ಟುಕೊಳ್ಳಬಹುದು.